ತಾನಾಗಿ ಉದುರುವುದು

ಕೊಡಗಿನ ಬಿಳಿಯೂರಿನಲ್ಲಿ ದೊರೆತ ಒಂದು ಶಾಸನದ ಕಾಲ ಕ್ರಿ. ಶ. 888. ಗಂಗವಂಶದ ಸತ್ಯವಾಕ್ಯ ಕೊಂಗುಣಿವರ್ಮ ಪೆರ್ಮಾನಡಿಯು ತಾನು ಪಟ್ಟವೇರಿದ ಹದಿನೆಂಟನೆಯ ವರ್ಷದಲ್ಲಿ, ಸತ್ಯವಾಕ್ಯ ಜಿನಾಲಯದ ಸಲುವಾಗಿ, ಸರ್ವನಂದಿದೇವನೆಂಬ ಜೈನ ಗುರುವಿಗೆ ಬಿಳಿಯೂರಿನ ಹಳ್ಳಿಗಳನ್ನು ಧಾರೆಯೆರೆದುಕೊಟ್ಟ ವೃತ್ತಾಂತವನ್ನು ಅದು ಹೇಳುತ್ತದೆ. ಲೂಯಿಸ್ ರೈಸರು 1886ರಲ್ಲಿ ಕೊಡಗಿನ ಶಾಸನಗಳ ಸಂಪುಟವನ್ನು ಹೊರತಂದಾಗ ಆ ಲೇಖಕ್ಕೆ ಸಾವಿರ ವರ್ಷ ತುಂಬಲು ಇನ್ನೆರಡೇ ವರ್ಷ ಉಳಿದಿತ್ತು. ಕೊಟ್ಟ ಅರಸನ ವಂಶವೂ ಅವನ ರಾಜ್ಯವೂ ಎಂದೋ ಅಳಿದಿದ್ದವು, ಕೊಟ್ಟೆನೆಂಬ ಮಾತು ಮಾತ್ರ ನಿಂತಿತ್ತು. ನಮ್ಮ ದಾನಶಾಸನಗಳನ್ನು ಬರೆಯಿಸಿದವರ ಮನೋಧರ್ಮವೇ ಅಂಥದು. ಸೂರ್ಯಚಂದ್ರರಿರುವ ತನಕ ಇದು ನಡೆಯಲಿ ಎಂದು ಹರಸುವುದು, ಇದನ್ನು ಅಳಿದವನು ಕವಿಲೆಯನ್ನು ಕೊಂದ ಪಾಪಕ್ಕೆ ಹೋಗಲಿ ಎಂದು ಶಪಿಸುವುದು, ಇವೆರಡೂ ಅವರ ರೂಢಿಯ ಮಾತುಗಳಾಗಿದ್ದುವು. ಬರೆದದ್ದಕ್ಕೆ ಕೊನೆಯೊಂದುಂಟೆಂದು ಬರೆಯುವಾಗಲೇ ಒಪ್ಪಿಕೊಳ್ಳುವ ಬುದ್ಧಿ ಅವರಿಗೆ ವಿಚಿತ್ರವಾಗಿ ತೋರುತ್ತಿತ್ತು. ಬಹುಶಃ ಅಧರ್ಮವೆಂದೇ ತೋರುತ್ತಿತ್ತು.

ಆ ಬುದ್ಧಿಯ ಪರಿಚಯ ನನಗಾದದ್ದು ಮಡಿಕೇರಿಯ ಸಮೀಪದ ಒಂದು ತೋಟದ ಮನೆಯಲ್ಲಿ. ಹಿಂದೆ ನನ್ನ ತರಗತಿಯಲ್ಲಿ ಕುಳಿತು ಹಳಗನ್ನಡದ ಪಾಠಕ್ಕೆ ಆಕಳಿಸುತ್ತಿದ್ದ ಹುಡುಗನೊಬ್ಬ ಬೆಂಗಳೂರಿನಲ್ಲಿ ಕೆಲಕಾಲ ಸಾಫ್ಟ್‌ವೇರ್ ಕೆಲಸ ಮಾಡಿ, ಅದು ಸಾಕೆನಿಸಿ, ಊರಿಗೆ ಬಂದು, ತೋಟದ ನಡುವಣ ಮನೆಯಲ್ಲಿ ಹೋಂಸ್ಟೇ ನಡೆಸುತ್ತಿದ್ದಾನೆ. ಬಂದುಹೋಗುವವರ ಲೆಕ್ಕವನ್ನಿಡುವ ವ್ಯವಸ್ಥೆಯನ್ನು ತಾನೇ ಬರೆದುಕೊಂಡಿದ್ದಾನೆ. ಅವನು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ ತೋರಿಸಿದ ದಾಖಲೆಯಲ್ಲಿ ಒಬ್ಬ ಅತಿಥಿಯ ಹೆಸರು, ಮೊಬೈಲ್ ನಂಬರು, ಕಾರಿನ ನಂಬರು, ಆಧಾರ್ ಕಾರ್ಡಿನ ಫೋಟೋ ಇಟ್ಟಿರುವ ಜಾಗದ ಗುರುತು, ‘ಪಂದಿಕರಿ ಬೇಡ, ಕಡಂಬುಟ್ಟಿಗೆ ಕೋಳಿ’ ಎಂಬ ಷರಾ, ಇಷ್ಟೂ ಸಾಲಾಗಿದ್ದು ಕಡೆಯಲ್ಲಿ ಹತ್ತು ಅಂಕೆಗಳ ಇನ್ನೊಂದು ಸಂಖ್ಯೆಯಿತ್ತು.

“ಇದೇನಪ್ಪ, ಹೆಂಡತಿಯ ಫೋನ್ ನಂಬರೋ?” ಎಂದೆ.

“ಅಲ್ಲ ಸರ್, ಈ ರೆಕಾರ್ಡು ಎಕ್ಸ್‌ಪೈರ್ ಆಗೋ ಟೈಮು. ಬರೆಯೋವಾಗಲೇ ಹಾಕಿಬಿಡ್ತೀನಿ. ಆಮೇಲೆ ಅದೇ ಹೋಗುತ್ತೆ, ನಾನು ನೋಡೋದೂ ಬೇಡ.”

ಅವನ ದತ್ತಾಂಶವೆಲ್ಲ ಇರುವುದು ಅಮೆಜಾನ್ ಸಂಸ್ಥೆಯ ಡೈನಮೋಡಿಬಿ ಎಂಬ ಕ್ಲೌಡ್ ದತ್ತಾಂಶಕೋಶದಲ್ಲಿ; ಮೋಡವೆಂದು ಹೆಸರಾದರೂ ಅದರ ಯಂತ್ರಗಳು ಮುಂಬಯಿಯಲ್ಲಿ ನೆಲದ ಮೇಲೆಯೇ ಇವೆ. 2017ರಲ್ಲಿ ಆ ಕೋಶಕ್ಕೆ ಟಿಟಿಎಲ್ (ಟೈಮ್ ಟು ಲಿವ್) ಎಂಬ ಸೌಕರ್ಯವನ್ನು ಸೇರಿಸಿದರು. 1970ರ ಜನವರಿ 1ರಿಂದ ಮೊದಲುಗೊಂಡು ಸೆಕೆಂಡುಗಳನ್ನು ಎಣಿಸುತ್ತ ಬಂದರೆ ಯಾವ ಸಂಖ್ಯೆಯ ಹೊತ್ತಿಗೆ ಈ ದಾಖಲೆ ಬೇಡವಾಗುತ್ತದೆಯೋ ಆ ಸಂಖ್ಯೆಯನ್ನು ಅದರ ಹಣೆಯಲ್ಲಿ ಬರೆದುಬಿಟ್ಟರೆ ಮುಗಿಯಿತು. ಹಾಗೆಂದು ಗಳಿಗೆ ಬಂದೊಡನೆ ಅದು ಮಾಯವಾಗುತ್ತದೆಂದು ತಿಳಿಯತಕ್ಕದ್ದಲ್ಲ. ಹಿನ್ನೆಲೆಯಲ್ಲಿ ನಿಧಾನವಾಗಿ ಸಂಚರಿಸುವ ಒಂದು ಪ್ರಕ್ರಿಯೆಯು ಅವಧಿ ತೀರಿದವನ್ನು ಹುಡುಕಿ ತೆಗೆಯುತ್ತ ಹೋಗುತ್ತದೆ. ಕೆಲವು ದಿನಗಳೊಳಗೆ ಎಂದಷ್ಟೇ ಸಂಸ್ಥೆ ಹೇಳುತ್ತದೆ. ಆ ನಡುವೆ ತೀರಿಹೋದ ದಾಖಲೆಯೂ ಕೂಗಿದರೆ ಓಗೊಡುತ್ತದೆ. ಬೇಡವೆನ್ನುವವನು ತಾನೇ ಸೋಸಿಕೊಳ್ಳಬೇಕು. ಸೆಕೆಂಡಿನ ಬದಲು ಮಿಲಿಸೆಕೆಂಡಿನ ಲೆಕ್ಕವನ್ನು ಯಾರಾದರೂ ಅಚಾತುರ್ಯದಿಂದ ಬರೆದುಬಿಟ್ಟರೆ ಆ ದಾಖಲೆಯ ಅಂತ್ಯ ಐವತ್ತು ಸಾವಿರ ವರ್ಷಗಳಿಗೂ ಆಚೆಗೆ ಬೀಳುತ್ತದಾದ್ದರಿಂದ, ಗಂಗರಸನು ಹರಸಿ ಪಡೆಯಬೇಕಾಗಿದ್ದ ಚಿರಸ್ಥಿತಿಯನ್ನು ಒಬ್ಬ ಪ್ರವಾಸಿಯ ಕಾರಿನ ನಂಬರು ಮೂರು ಸೊನ್ನೆಗಳ ದೆಸೆಯಿಂದ ಪುಕ್ಕಟೆಯಾಗಿ ಪಡೆದುಕೊಳ್ಳುತ್ತದೆ. ಅವಧಿ ತೀರಿ ಐದು ವರ್ಷ ಮೀರಿದೆಯೆಂದು ಬರೆದಿರುವ ದಾಖಲೆಯನ್ನೂ ಆ ಪ್ರಕ್ರಿಯೆ ಮುಟ್ಟುವುದಿಲ್ಲ. ಅಷ್ಟು ಹಳೆಯ ಸಾವು ಬರವಣಿಗೆಯ ತಪ್ಪಿರಬೇಕೆಂದು ಅದರ ಶಂಕೆ. ಕಸಾಂಡ್ರಾ ಎಂಬ ಇನ್ನೊಂದು ಕೋಶದಲ್ಲಿ ಅಳಿಸಿದ ದಾಖಲೆಯ ಜಾಗದಲ್ಲಿ ಒಂದು ಗೋರಿಕಲ್ಲನ್ನು ನೆಡುತ್ತಾರಂತೆ. ಆ ಕಲ್ಲು ಬೇರೆ ಅಪ್ಪಣೆಯಿಲ್ಲದಿದ್ದರೆ ಹತ್ತು ದಿನ ಇರತಕ್ಕದ್ದು, ಇಲ್ಲವಾದರೆ ಸಾವಿನ ಸುದ್ದಿ ಮುಟ್ಟದ ಯಾವುದೋ ದೂರದ ಪ್ರತಿಯಿಂದ ಸತ್ತದ್ದು ಮತ್ತೆ ಎದ್ದುಬರಬಹುದು. ಹತ್ತು ದಿನವೆಂಬ ಲೆಕ್ಕವನ್ನು ಕೇಳಿ ನನಗೆ ನಗು ಬಂತು. ನಮ್ಮ ಸೂತಕಕ್ಕೂ ಅಷ್ಟೇ ದಿನ.

ಈ ಬಗೆಯ ಮರೆವಿನಲ್ಲಿ ಏನಾದರೂ ಧರ್ಮವುಂಟೆ ಎಂಬುದು ನನ್ನ ಪ್ರಶ್ನೆ. ಅನ್ಯರ ವಿಷಯವನ್ನು ಅನಾವಶ್ಯಕವಾಗಿ ಇಟ್ಟುಕೊಳ್ಳದೆ ಬಿಡುವುದು ಒಂದು ಸದ್ಗುಣವೆನ್ನುವುದಾದರೆ, ತಾನು ನೋಡದೆ, ಎಣಿಸದೆ, ಗಡಿಯಾರದ ಕೈಗೆ ಒಪ್ಪಿಸಿ ಬಿಟ್ಟವನಿಗೆ ಆ ಗುಣದ ಪುಣ್ಯ ಸಲ್ಲುತ್ತದೆಯೆ?

ಉತ್ತರಕ್ಕೆ ದೂರ ಹೋಗಬೇಕಾದುದಿಲ್ಲ. ಬಿಳಿಯೂರಿನ ದಾನವನ್ನು ಪಡೆದ ಗುರುವಿನ ದರ್ಶನವೇ ಇದನ್ನು ಕುರಿತು ಅತ್ಯಂತ ಸೂಕ್ಷ್ಮವಾಗಿ ಯೋಚಿಸಿದೆ. ಆ ದರ್ಶನ ಕೊಡಗಿಗೆ ಪರಕೀಯವಲ್ಲ. ಶನಿವಾರಸಂತೆಯ ಬಳಿಯ ಮುಳ್ಳೂರಿನಲ್ಲಿ ಕೊಂಗಾಳ್ವರ ಕಾಲದ ಬಸದಿಗಳು ಈಗಲೂ ನಿಂತಿವೆ, ಹನ್ನೊಂದನೆಯ ಶತಮಾನದಲ್ಲಿ ಆ ಅರಸರಿಗೆ ಗುರುವಾಗಿದ್ದ ಗುಣಸೇನ ಪಂಡಿತರ ಹೆಸರನ್ನು ಅಲ್ಲಿಯ ಶಾಸನಗಳು ಹೇಳುತ್ತವೆ. ಜೈನರ ಮತದಲ್ಲಿ ಕರ್ಮವೆಂಬುದು ಎಲ್ಲೋ ಮೇಲೆ ಕುಳಿತ ಚಿತ್ರಗುಪ್ತನ ಕಡತವಲ್ಲ; ಸೂಕ್ಷ್ಮವಾದ ಪುದ್ಗಲವೇ, ಅಂದರೆ ಜಡದ್ರವ್ಯವೇ, ಜೀವಕ್ಕೆ ಬಂದು ಅಂಟಿಕೊಳ್ಳುವುದು. ಹಾಗೆ ಅಂಟಿಕೊಳ್ಳುವ ಕ್ಷಣದಲ್ಲಿಯೇ ನಾಲ್ಕು ಸಂಗತಿಗಳು ನಿಶ್ಚಯವಾಗಿಬಿಡುತ್ತವೆಂದು ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಎಂಟನೆಯ ಅಧ್ಯಾಯ ಹೇಳುತ್ತದೆ: ಆ ಕರ್ಮದ ಸ್ವಭಾವ, ಅದು ಎಷ್ಟು ಕಾಲ ಇರತಕ್ಕದ್ದು, ಅದರ ತೀವ್ರತೆ, ಅದರ ಪ್ರಮಾಣ. ಎರಡನೆಯದಕ್ಕೆ ಸ್ಥಿತಿಬಂಧವೆಂದು ಹೆಸರು. ಆಚಾರ್ಯರು ಇದನ್ನು ಅಸ್ಪಷ್ಟವಾಗಿ ಬಿಟ್ಟಿಲ್ಲ, ಗುಮಾಸ್ತೆಯ ಕರಾರುವಾಕ್ಕುತನದಿಂದ ಪಟ್ಟಿಮಾಡಿದ್ದಾರೆ. ಮೋಹನೀಯ ಕರ್ಮದ ಪರಮಾವಧಿ ಎಪ್ಪತ್ತು ಕೋಟಾಕೋಟಿ ಸಾಗರೋಪಮ. ನಾಮ ಮತ್ತು ಗೋತ್ರ ಕರ್ಮಗಳದು ಇಪ್ಪತ್ತು. ಕಡಮೆಯ ಪಕ್ಷ ವೇದನೀಯಕ್ಕೆ ಹನ್ನೆರಡು ಮುಹೂರ್ತ, ನಾಮಗೋತ್ರಗಳಿಗೆ ಎಂಟು. ಮುಹೂರ್ತವೆಂದರೆ ನಲವತ್ತೆಂಟು ನಿಮಿಷ. ಸಾಗರೋಪಮವೆಂಬ ಕಾಲಮಾನವನ್ನು ಅಂಕೆಯಲ್ಲಿ ಬರೆಯುವ ಸಾಹಸಕ್ಕೆ ನಾನು ಹೋಗುವುದಿಲ್ಲ. ನನ್ನ ಶಿಷ್ಯನು ದಾಖಲೆಯ ಹಣೆಯಲ್ಲಿ ಬರೆಯುವ ಹತ್ತು ಅಂಕೆಗೂ ಈ ಸ್ಥಿತಿಬಂಧಕ್ಕೂ ಇರುವ ಸಾದೃಶ್ಯ ಆಕಸ್ಮಿಕವಾದರೂ ಪೂರ್ಣವಾದುದು: ಕಟ್ಟುವಾಗಲೇ ಬಿಚ್ಚುವ ಹೊತ್ತು ಗೊತ್ತಾಗಿರುತ್ತದೆ.

ಅವಧಿ ತೀರಿದ ಕರ್ಮ ಫಲವನ್ನಿತ್ತು ಉದುರಿಹೋಗುವುದು ನಿರ್ಜರೆ. ಇದರಲ್ಲಿ ಎರಡು ಬಗೆಯುಂಟೆಂದು ಸೂತ್ರಕ್ಕೆ ಸರ್ವಾರ್ಥಸಿದ್ಧಿಯೆಂಬ ಟೀಕೆಯನ್ನು ಬರೆದ ಪೂಜ್ಯಪಾದರು ವಿವೇಚಿಸಿದ್ದಾರೆ. ತನ್ನ ಕಾಲಕ್ಕೆ ತಾನೇ ಪಕ್ವವಾಗಿ ಉದುರುವುದು ಸವಿಪಾಕ. ಇನ್ನೂ ಕಾಲ ಬರದಿದ್ದುದನ್ನು, ಮಾವು ಹಲಸುಗಳನ್ನು ಕಾವಿನಲ್ಲಿಟ್ಟು ಹಣ್ಣುಮಾಡುವಂತೆ, ತಪಸ್ಸಿನಿಂದ ಮುಂಚಿತವಾಗಿಯೇ ಪಕ್ವಗೊಳಿಸಿ ಉದುರಿಸುವುದು ಅವಿಪಾಕ. ಮೊದಲನೆಯದು ನಾಲ್ಕು ಗತಿಗಳ ಸಕಲ ಜೀವಿಗಳಿಗೂ ಅನುಕ್ಷಣ ನಡೆಯುತ್ತಲೇ ಇದೆ. ನರಕದ ಜೀವಿಗೂ ನಡೆಯುತ್ತದೆ, ಗಿಡದ ಬುಡದ ಹುಳುವಿಗೂ ನಡೆಯುತ್ತದೆ. ಆದುದರಿಂದ ಅದರಲ್ಲಿ ಯಾರ ಹೆಚ್ಚುಗಾರಿಕೆಯೂ ಇಲ್ಲ. ಹಳೆಯದು ಉದುರುತ್ತಿರುವಂತೆಯೇ ಹೊಸದು ಬಂದು ಅಂಟುತ್ತಿರುವಾಗ, ಉದುರಿದ್ದರಿಂದ ಜೀವ ಹಗುರಾಗುವುದಾದರೂ ಹೇಗೆ? ತತ್ತ್ವಗಳನ್ನು ಎಣಿಸುವ ಕ್ರಮದಲ್ಲಿಯೇ ಈ ಉತ್ತರ ಅಡಗಿದೆ: ಜೀವ, ಅಜೀವ, ಆಸ್ರವ, ಬಂಧ, ಸಂವರ, ನಿರ್ಜರೆ, ಮೋಕ್ಷ. ಒಳಗೆ ಹರಿದುಬರುವುದನ್ನು ತಡೆಯುವ ಸಂವರವನ್ನು ಹೇಳಿದ ಮೇಲೆಯೇ ಆಚಾರ್ಯರು ಉದುರುವ ಮಾತನ್ನೆತ್ತುತ್ತಾರೆ.

ಈ ಅಳತೆಗೋಲನ್ನು ಹಿಡಿದು ನೋಡಿದರೆ ನಮ್ಮ ಕಾಲದ ಸ್ವಯಂಚಾಲಿತ ಮರೆವು ಸವಿಪಾಕ ನಿರ್ಜರೆಯೇ ಹೊರತು ಬೇರೆಯಲ್ಲ. ಅದು ಪಾಪವಲ್ಲ, ಉಪಕಾರಿಯೂ ಹೌದು, ಆದರೆ ಅದನ್ನು ಸಂಯಮವೆಂದು ಕರೆದುಕೊಳ್ಳುವ ಅಧಿಕಾರ ಯಾರಿಗೂ ಇಲ್ಲ. ರಜಾದಿನಗಳಲ್ಲಿ ಬೆಂಗಳೂರಿನ ಕಾರುಗಳು ಕುಶಾಲನಗರದಿಂದ ಮಡಿಕೇರಿಯವರೆಗೆ ಸಾಲುಗಟ್ಟುವಾಗ, ಒಂದೊಂದು ಕಾರಿನಿಂದ ಇಳಿದವರ ಗುರುತಿನ ಚೀಟಿಯ ಫೋಟೋ ಒಂದೊಂದು ಮನೆಯ ಮೊಬೈಲಿನೊಳಗೆ ಹೋಗುತ್ತದೆ. ಅವಧಿ ಆರು ತಿಂಗಳೆಂದುಕೊಳ್ಳೋಣ; ಆರು ತಿಂಗಳ ಹಿಂದಿನದು ಹೋಯಿತೆಂದು ಸಮಾಧಾನಪಡುವವನು ಈ ಹೊತ್ತು ಬಂದದ್ದನ್ನು ಎಣಿಸುವುದಿಲ್ಲ. ಕೋಶದಲ್ಲಿ ಎಂದೂ ಆರು ತಿಂಗಳ ಜನಸಮೂಹ ತುಂಬಿಯೇ ಇರುತ್ತದೆ; ಬದಲಾಗುವುದು ಮುಖಗಳು ಮಾತ್ರ.

ಮರೆಯದೆ ಇಟ್ಟುಕೊಳ್ಳುವುದೇ ಧರ್ಮವೆಂದು ಇದಕ್ಕೆ ಪ್ರತಿಯಾಗಿ ವಾದಿಸುವವರು ಕೊಡಗಿನ ಜಮ್ಮಾ ಹಿಡುವಳಿಯ ಪಹಣಿಗಳನ್ನೊಮ್ಮೆ ನೋಡಬೇಕು. ಹಾಲೇರಿ ಅರಸರ ಕಾಲದಿಂದ ಬಂದು, 1834ರಲ್ಲಿ ಇಂಗ್ಲಿಷರು ಕೊಡಗನ್ನು ವಶಪಡಿಸಿಕೊಂಡ ಮೇಲೆಯೂ ಮುಂದುವರಿದು, 1899ರ ಭೂಕಂದಾಯದ ರೆಗ್ಯುಲೇಷನ್ನಿನಲ್ಲಿ ನೆಲೆಗೊಂಡ ಆ ವಂಶಪಾರಂಪರ್ಯದ ಹಕ್ಕಿನಲ್ಲಿ, ಭೂಮಿ ಒಕ್ಕದ್ದು, ಅಂದರೆ ಇಡೀ ಮನೆತನದ್ದು, ಹೆಸರು ಪಟ್ಟೆದಾರನದು. ಪಟ್ಟೆದಾರ ಗತಿಸಿ, ಅವನ ಮಕ್ಕಳು ಗತಿಸಿ, ಮೊಮ್ಮಕ್ಕಳು ಮುದುಕರಾದರೂ ಅವನ ಹೆಸರು ಅಲ್ಲಿಯೇ ಇರುವುದು ವಿರಳವಲ್ಲ. ‘ಭೂಮಿ’ ಎಂಬ ಸರ್ಕಾರಿ ಯೋಜನೆಯಲ್ಲಿ ಪಹಣಿಗಳೆಲ್ಲ ಗಣಕಕ್ಕೆ ಏರಿದಾಗ ಆ ಹಿರಿಯರೂ ಗೋರಿಯಿಂದೆದ್ದು ಗಣಕಕ್ಕೆ ಏರಿದರು. ರಟ್ಟೆ ಮುರಿದು ಕೆಲಸಮಾಡಿ ಬೆಳೆ ತೆಗೆಯುವ ಮರಿಮಗನು ಬ್ಯಾಂಕಿನಲ್ಲಿ ಸಾಲ ಕೇಳಿದರೆ, ಭೂಮಿ ಯಾರ ಹೆಸರಿನಲ್ಲಿದೆಯೋ ಅವರು ಬಂದು ಸಹಿ ಮಾಡಲಿ ಎಂಬರ್ಥದ ಉತ್ತರ ಬರುತ್ತದೆ. ಕಾಲಾವಧಿಯಿಲ್ಲದ ದಾಖಲೆ ಸತ್ತವನಿಗೆ ಗೌರವವನ್ನೂ ಕೊಡಲಿಲ್ಲ, ಬದುಕಿರುವವನಿಗೆ ಅನ್ನವನ್ನೂ ಸಲೀಸಾಗಿ ಕೊಡಲಿಲ್ಲ. ಹಾಗೆಂದು ಅಲ್ಲಿಗೂ ಒಂದು ಟಿಟಿಎಲ್ ಹಚ್ಚಿ, ನೂರು ವರ್ಷ ಕಳೆದ ಹೆಸರು ತಾನಾಗಿ ಅಳಿಯಲಿ ಎನ್ನಲು ಯಾರೂ ಒಪ್ಪರು. ಹೆಸರಿನೊಡನೆ ಹಕ್ಕೂ ಅಳಿಯುತ್ತದೆ. ಅಲ್ಲಿ ನಡೆಯಬೇಕಾದುದು ಪೌತಿ ಖಾತೆ: ತೀರಿಕೊಂಡವನ ಹೆಸರು ಇಳಿದು ವಾರಸುದಾರರ ಹೆಸರು ಏರುವುದು. ಅದಕ್ಕೆ ಒಬ್ಬನು ಅರ್ಜಿ ಹಿಡಿದು ಬರಬೇಕು, ತಾನು ಇಂಥವನ ಮಗ ಎಂದು ಹೇಳಬೇಕು, ದಾಯಾದಿಗಳು ಒಪ್ಪಬೇಕು. ಗಡಿಯಾರಕ್ಕೆ ದಾಯಾದಿಗಳಿಲ್ಲ.

ಕೈಯಿಂದ ಮಾಡಬೇಕಾದ ಮರೆವಿನ ಕ್ರಮವನ್ನು ನಮ್ಮ ಶ್ರಾದ್ಧವಿಧಿ ಬಲ್ಲದು. ಭಾಗಮಂಡಲದಲ್ಲಿ ಕಾವೇರಿ, ಕನ್ನಿಕೆ, ಸುಜ್ಯೋತಿಗಳ ಸಂಗಮದಲ್ಲಿ ಪಿಂಡವಿಡಲು ಬರುವವನನ್ನು ಪುರೋಹಿತರು ಮೊದಲು ಕೇಳುವುದು ತಂದೆ, ಅಜ್ಜ, ಮುತ್ತಜ್ಜರ ಹೆಸರುಗಳನ್ನು. ವಸು, ರುದ್ರ, ಆದಿತ್ಯರ ರೂಪದಲ್ಲಿ ಭಾವಿಸಿ ಹೆಸರು ಹಿಡಿದು ಕರೆಯುವುದು ಆ ಮೂವರನ್ನೇ. ಹೊಸದಾಗಿ ತೀರಿಕೊಂಡವನನ್ನು ಸಪಿಂಡೀಕರಣದಲ್ಲಿ, ಅವನ ಪಿಂಡವನ್ನು ಮೂರು ಭಾಗ ಮಾಡಿ, ಹಿಂದಿನ ಮೂವರ ಪಿಂಡಗಳಲ್ಲಿ ಬೆರೆಸುತ್ತಾರೆ. ಅಲ್ಲಿಗೆ ಅವನ ಪ್ರೇತತ್ವ ಕಳೆದು ಅವನೂ ಪಿತೃಗಳಲ್ಲೊಬ್ಬನಾಗುತ್ತಾನೆ, ಸಾಲಿನ ತುದಿಯಲ್ಲಿದ್ದ ಮುತ್ತಜ್ಜನು ಹೆಸರಿನ ಹಂಗಿಲ್ಲದ ಪೂರ್ವಜರ ಸಾಲಿಗೆ ಸರಿಯುತ್ತಾನೆ. ಮೇಲಿನವರಿಗೆ ಕರ್ತೃವಿನ ಕೈಗೆ ಮೆತ್ತಿದ ಪಿಂಡಶೇಷವೇ ಭಾಗ. ಅದನ್ನು ದರ್ಭೆಗೆ ಒರಸುವಾಗ ಯಾರ ಹೆಸರನ್ನೂ ಹೇಳುವುದಿಲ್ಲ. ಹೀಗೆ ಪ್ರತಿಯೊಬ್ಬ ಪಿತೃವಿಗೂ ಹೆಸರಿನ ಅವಧಿ ಮೂರು ತಲೆಮಾರೆಂದು ಶಾಸ್ತ್ರವೇ ಗೊತ್ತುಮಾಡಿದೆ. ಕೊಡವರ ಐನ್‌ಮನೆಯೆಂಬ ಮೂಲಮನೆಯಲ್ಲಿಯೂ ಬೇರೊಂದು ಬಗೆಯಲ್ಲಿ ಇದೇ ಕಾಣುತ್ತದೆ: ಕೈಮಡವೆಂಬ ಪೂರ್ವಜರ ಗುಡಿಯಲ್ಲಿ ಒಕ್ಕದ ಮೂಲಪುರುಷನಾದ ಗುರುಕಾರಣನಿಗೆ ಮೀದಿಯೆಂಬ ನೈವೇದ್ಯ ಸಲ್ಲುತ್ತದೆ, ನಡುವಿನ ಎಷ್ಟೋ ತಲೆಗಳ ಹೆಸರುಗಳು ಒಟ್ಟಾಗಿ ‘ಕಾರಣ’ರೆಂಬ ಒಂದೇ ಭಕ್ತಿಯಲ್ಲಿ ಕರಗುತ್ತವೆ, ಒಕ್ಕದ ಹೆಸರು ಮಾತ್ರ ಈಗ ತಾನೆ ಹುಟ್ಟಿದ ಶಿಶುವಿನ ಹೆಸರಿನ ಮುಂದೂ ನಿಲ್ಲುತ್ತದೆ.

ಈ ಎರಡು ಆಚಾರಗಳಲ್ಲಿಯೂ ನನಗೆ ಮುಖ್ಯವಾಗಿ ಕಾಣುವುದು ಎರಡಂಶ. ಹೆಸರು ಬಿದ್ದುಹೋಗುವ ಮುನ್ನ ವ್ಯಕ್ತಿಯು ಒಂದು ಸಮುದಾಯದಲ್ಲಿ ಸೇರಿಕೊಳ್ಳುತ್ತಾನೆ, ಬರಿದೆ ಇಲ್ಲವಾಗುವುದಿಲ್ಲ. ಮತ್ತು ಈ ಕಾರ್ಯಕ್ಕೆ ಒಬ್ಬ ಕರ್ತೃವಿದ್ದಾನೆ. ಅವನು ತನ್ನ ಗೋತ್ರನಾಮಗಳನ್ನು ಉಚ್ಚರಿಸಿ, ಇಂಥ ದೇಶದಲ್ಲಿ ಇಂಥ ದಿನ ನಾನು ಇದನ್ನು ಮಾಡುತ್ತೇನೆಂದು ಸಂಕಲ್ಪ ಮಾಡಿಯೇ ಮುಂದುವರಿಯಬೇಕು. ಯಂತ್ರದ ವಿಷಯದಲ್ಲಿ ನಾನು ಇದನ್ನೇ ಕೇಳಿದೆ: ಅಳಿಸಿದವರು ಯಾರೆಂದು ಎಲ್ಲಾದರೂ ಬರೆದಿರುತ್ತದೆಯೆ? ಬರೆದಿರುತ್ತದೆ. ಬದಲಾವಣೆಗಳ ಒಂದು ಪ್ರವಾಹವನ್ನು ಕೋಶವು ಬೇಕೆಂದವರಿಗೆ ಇಪ್ಪತ್ತನಾಲ್ಕು ಗಂಟೆಗಳ ಕಾಲ ಉಳಿಸಿಕೊಡುತ್ತದೆ. ಅದರಲ್ಲಿ ಅವಧಿ ತೀರಿ ಹೋದ ದಾಖಲೆಗೆ ಕರ್ತೃವಿನ ಅಂಕಣದಲ್ಲಿ ‘ಸರ್ವಿಸ್’ ಎಂದಿರುತ್ತದೆ, ಅಂದರೆ ಕೋಶವೇ ಕರ್ತೃ. ಮನುಷ್ಯನು ಕೈಯಾರೆ ಅಳಿಸಿದ್ದಕ್ಕೂ ತಾನಾಗಿ ಹೋದದ್ದಕ್ಕೂ ಭೇದ ತಿಳಿಯಲಿ ಎಂಬುದಕ್ಕಾಗಿಯೇ ಈ ಏರ್ಪಾಟಂತೆ. ಭೇದವುಂಟೆಂದು ಯಂತ್ರವನ್ನು ಕಟ್ಟಿದವರಿಗೂ ಗೊತ್ತಿತ್ತೆಂದು ತಿಳಿದು ಸಂತೋಷವಾಯಿತು.

ನಮ್ಮ ದೇಶದ ಕಾನೂನೂ ಈಗ ಈ ದಾರಿಗೆ ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ಪ್ರಕಾರ, ಯಾವ ಉದ್ದೇಶಕ್ಕಾಗಿ ಒಬ್ಬನ ವಿವರವನ್ನು ಪಡೆದರೋ ಆ ಉದ್ದೇಶ ತೀರಿದ ಮೇಲೆ, ಬೇರೊಂದು ಕಾನೂನು ಇಟ್ಟುಕೊಳ್ಳೆಂದು ಹೇಳದಿದ್ದರೆ, ಅಳಿಸತಕ್ಕದ್ದು. 2025ರ ನಿಯಮಗಳು ಎರಡು ಕೋಟಿಗೆ ಕಡಮೆಯಿಲ್ಲದ ಬಳಕೆದಾರರುಳ್ಳ ದೊಡ್ಡ ಆನ್‌ಲೈನ್ ಅಂಗಡಿಗಳಿಗೆ ಮೂರು ವರ್ಷದ ಗಡುವನ್ನು ಹಾಕಿ, ಅಳಿಸುವುದಕ್ಕೆ ನಲವತ್ತೆಂಟು ಗಂಟೆ ಮುಂಚೆ ಆಸಾಮಿಗೆ ತಿಳಿಸಬೇಕೆಂದೂ ವಿಧಿಸುತ್ತವೆ. ಆ ತಿಳಿವಳಿಕೆಯ ಪತ್ರ ನನಗೆ ಬಹಳ ಮೆಚ್ಚಿಗೆಯಾದ ಅಂಶ; ಸಂಕಲ್ಪದ ಸ್ಥಾನವನ್ನು ತುಂಬುವ ಯೋಗ್ಯತೆ ಅದಕ್ಕೆ ಸ್ವಲ್ಪವಾದರೂ ಉಂಟು. ನಾಲ್ಕು ಕೋಣೆಯ ತೋಟದ ಮನೆಗೆ ಆ ಗಡುವು ತಗಲುವುದಿಲ್ಲ. ಅಲ್ಲಿ ಉದ್ದೇಶ ಎಂದು ತೀರಿತೆಂಬುದನ್ನು ಯಜಮಾನನ ವಿವೇಕವೇ ಗೊತ್ತುಮಾಡಬೇಕು.

ನನ್ನ ಶಿಷ್ಯನಿಗೆ ಇಷ್ಟನ್ನೆಲ್ಲ ಹೇಳಿದಾಗ ಅವನು ತರಗತಿಯಲ್ಲಿದ್ದಂತೆ ಆಕಳಿಸಲಿಲ್ಲ. ಸಂವರದ ಮಾತಿಗೆ ಬಂದಾಗ ಮುಖ ಸ್ವಲ್ಪ ಗಂಭೀರವಾಯಿತು. ಅವನಿಗೆ ಒಂದು ಸಂಗತಿ ನೆನಪಾಯಿತು: ಆಧಾರ್ ಕಾರ್ಡಿನ ಫೋಟೋಗಳು ಇರುವುದು ಆ ಕೋಶದಲ್ಲಲ್ಲ, ಇನ್ನೊಂದು ಉಗ್ರಾಣದಲ್ಲಿ. ಕೋಶದಲ್ಲಿರುವುದು ಅವುಗಳ ಜಾಗದ ಗುರುತು ಮಾತ್ರ. ದಾಖಲೆ ಅವಧಿಗೆ ಸರಿಯಾಗಿ ಉದುರಿದಾಗ ಗುರುತು ಉದುರಿತು, ಫೋಟೋ ಉಳಿಯಿತು. ಉಗ್ರಾಣಕ್ಕೆ ಬೇರೆಯಾಗಿ ಅವಧಿಯನ್ನು ಹೇಳಬೇಕಾಗಿತ್ತು, ಹೇಳಿರಲಿಲ್ಲ. ಯಾರು, ಎಂದು ಬಂದರು, ಏಕೆ ಕೊಟ್ಟರು ಎಂಬುದೊಂದೂ ಇಲ್ಲದೆ ಮುಖ ಮತ್ತು ಸಂಖ್ಯೆ ಮಾತ್ರವುಳಿದ ಆ ಚಿತ್ರಗಳಿಗೆ, ಸಪಿಂಡೀಕರಣವಾಗದವರಿಗೆ ನಮ್ಮವರು ಹೇಳುವ ಹೆಸರೇ ತಕ್ಕದ್ದು. ಕಾರ್ಡನ್ನು ನೋಡಿ ಹಿಂದಕ್ಕೆ ಕೊಟ್ಟರೆ ಸಾಲದೆ, ಫೋಟೋ ಏಕೆ ಬೇಕು ಎಂದು ಕೇಳಿದೆ. “ಪೊಲೀಸ್ನೋರು ಕೇಳಿದ್ರೆ ಇರ್ಲಿ ಅಂತ ಸರ್, ಎಲ್ಲರೂ ತಗೊಳ್ತಾರೆ” ಎಂದ. ಹೆಸರು, ಊರು, ಬಂದ ದಿನ, ಹೋದ ದಿನಗಳ ರಿಜಿಸ್ಟರು ಇರಲೇಬೇಕು, ಪರದೇಶದವರು ಬಂದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಕಳುಹಿಸಲೇಬೇಕು. ಅದರಾಚೆಗೆ ಪ್ರತಿಯೊಬ್ಬರ ಮುಖವನ್ನು ಕೂಡಿಟ್ಟುಕೊಳ್ಳುವುದು ಅಭ್ಯಾಸವೇ ಹೊರತು ಅಗತ್ಯವಲ್ಲವೆಂದು ಅವನಿಗೂ ತೋರಿತು. ಆ ವಾರದಿಂದ ಫೋಟೋ ತೆಗೆಯುವುದನ್ನು ನಿಲ್ಲಿಸಿದ. ಪಂದಿಕರಿಯ ಷರಾವನ್ನು ಉಳಿಸಿಕೊಂಡ. ಮತ್ತೆ ಬರುವ ಅತಿಥಿಗೆ ಅದರಿಂದ ಉಪಯೋಗವುಂಟು.

ಉಳಿದದ್ದು ಹಳೆಯ ದಾಖಲೆಗಳು. ಅವಧಿಯ ಸಂಖ್ಯೆಯನ್ನು ಬರೆಯುವ ಪದ್ಧತಿಯನ್ನು ಅವನು ಪ್ರಾರಂಭಿಸುವುದಕ್ಕೆ ಮೊದಲಿನವು ಅವು. ಹಣೆಯಲ್ಲಿ ಏನೂ ಬರೆಯದ ದಾಖಲೆಯನ್ನು ಯಂತ್ರ ಎಂದಿಗೂ ಮುಟ್ಟುವುದಿಲ್ಲವಾದ್ದರಿಂದ ಅವನ್ನು ಕೈಯಿಂದಲೇ ತೆಗೆಯಬೇಕಾಗಿತ್ತು. ಒಂದು ಸಾಲಿನ ಆಜ್ಞೆಯಿಂದ ಎಲ್ಲವನ್ನೂ ಒಟ್ಟಿಗೆ ತೆಗೆಯಬಹುದಾಗಿತ್ತು. ಅವನು ಪುಟಪುಟವಾಗಿ ನೋಡುತ್ತ ಹೋದ. 2018ರ ಆಗಸ್ಟಿನ ಪುಟಕ್ಕೆ ಬಂದಾಗ ನಿಂತ. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ಕುಸಿದ ಆ ತಿಂಗಳಲ್ಲಿ ಕಾದಿರಿಸಿದ್ದವರ ಹೆಸರುಗಳ ಎದುರಿಗೆಲ್ಲ ‘ರದ್ದು’ ಎಂದಿತ್ತು. ಒಬ್ಬರ ಎದುರಿಗೆ ಮಾತ್ರ, ಮುಂಗಡವನ್ನು ಹಿಂದಕ್ಕೆ ಕಳುಹಿಸಬೇಡಿ, ಅಲ್ಲಿ ಯಾರಿಗಾದರೂ ಬೇಕಾಗಬಹುದು ಎಂದು ಅವರು ಹೇಳಿದ್ದ ಮಾತನ್ನು ಇವನು ಷರಾದಲ್ಲಿ ಬರೆದುಕೊಂಡಿದ್ದ. ಇದನ್ನು ಏನು ಮಾಡಲಿ ಎಂದು ನನ್ನನ್ನು ಕೇಳಿದ. ಹೆಸರುಗಳನ್ನು ಬಿಡು, ತಿಂಗಳು, ಎಷ್ಟು ಜನ ಬರಬೇಕಾಗಿತ್ತು, ಎಷ್ಟು ಜನ ಬರಲಿಲ್ಲ ಎಂಬ ಲೆಕ್ಕವನ್ನು ಇಟ್ಟುಕೋ ಎಂದೆ. ಅವನು ಹಾಗೆಯೇ ಮಾಡಿದ. ಆ ಮುಂಗಡದ ಸಂಗತಿಯನ್ನು ಮಾತ್ರ ಹೆಸರಿಲ್ಲದೆ, ಪೆನ್ನಿನಲ್ಲಿ, ಮನೆಯ ಖರ್ಚಿನ ಪುಸ್ತಕದಲ್ಲಿ ಬರೆದು, ಕೆಳಗೆ ತನ್ನ ರುಜು ಹಾಕಿ, ಆ ದಿನದ ತಾರೀಖನ್ನು ಬರೆದ.